ಬಾಣಂತಿ ಕೋಣೆಯ ಗೋಡೆ

ಸವದತ್ತಿ
ತಾ. ೪ ಆಗಸ್ಟ್ ೧೯೦೮

ಚಿ. ಸೌ. ನರ್ಮದೆಗೆ ಅಪ್ಪನ ಆಶೀರ್ವಾದಗಳು.

ನಿನ್ನ ಮಾವನವರ ಕಾರ್ಡು ನಾಗರಪಂಚಮಿಯ ಹಿಂದಿನ ದಿನ ಮುಟ್ಟಿತು. ಐದನೆಯ ತಿಂಗಳು ಹಿಡಿಯುವ ತನಕ ಸುದ್ದಿ ಹೇಳಬಾರದೆಂದು ನಿಮ್ಮ ಮನೆಯಲ್ಲಿ ಪದ್ಧತಿ ಇರಬೇಕು. ಇರಲಿ. ಸಂತೋಷವಾಯಿತು. ನಿನ್ನೆ ಸಾಲೆಯಲ್ಲಿ ಹಲಗೆಯ ಮೇಲೆ ಭಾಗಾಕಾರದ ಲೆಕ್ಕವನ್ನು ತಪ್ಪು ಬಿಡಿಸಿದೆ. ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು. ಮಾಸ್ತರ ತಪ್ಪುವುದನ್ನು ನೋಡುವ ಭಾಗ್ಯ ಅವರಿಗೆ ದಿನಾಲು ಸಿಗುವುದಿಲ್ಲ.

ಚೊಚ್ಚಲ ಹೆರಿಗೆ ತವರಿನದು. ನಿನ್ನ ತಾಯಿ ಇಲ್ಲವೆಂದು ಅದು ತಪ್ಪುವುದಿಲ್ಲ. ಏಳನೆಯ ತಿಂಗಳಲ್ಲಿ ನಾನು ಅಲ್ಲಿಗೆ ಬಂದು ಸೀರೆ ಉಡಿಸಿ, ಉಡಿ ತುಂಬಿ ಕುಬಸ ಮಾಡಿಸಿ ನಿನ್ನನ್ನು ಕರೆದುಕೊಂಡು ಬರುತ್ತೇನೆ. ಎಂಟನೆಯದರಲ್ಲಿ ಬಸುರಿ ದಾರಿ ನಡೆಯಬಾರದೆನ್ನುತ್ತಾರೆ. ಆದ್ದರಿಂದ ಕಾರ್ತಿಕದ ಹುಣ್ಣಿಮೆಯೊಳಗೆ ನೀನು ಇಲ್ಲಿರಬೇಕು. ಕೋಣೆ ನಿನಗೆ ಗೊತ್ತಿದ್ದದ್ದೇ. ನೀನು ಹುಟ್ಟಿದ, ಹಿತ್ತಲಿಗೆ ಹತ್ತಿದ ಒಳಕೋಣೆ.

ಆ ಕೋಣೆಯ ಹಿಂದಿನ ಗೋಡೆ ಈ ಮಳೆಗಾಲ ಮತ್ತೆ ಬೂಷ್ಟು ಹಿಡಿದಿದೆ. ಹೋದ ವರ್ಷವೂ ಹಿಡಿದಿತ್ತು, ಕೆರೆಸಿ ಸುಣ್ಣ ಬಳಿಸಿದ್ದೆ. ಗೋಡೆ ಕೆಲಸದ ಗವಂಡಿ ಲಗಮಪ್ಪನಿಗೆ ಹೇಳಿ ಕಳಿಸಿದ್ದೇನೆ. ಚಿಂತೆ ಮಾಡುವಂಥದಲ್ಲ.

ನಿನ್ನ ಮೌಶಿ ಕೂಸಿಗೆಂದು ಹಳೆಯ ಸೀರೆಗಳ ಕೌದಿ ಹೊಲಿಯಲು ಕುಳಿತಿದ್ದಾಳೆ. ಆಕೆ ಲಗ್ನವಾಗಿ ಈ ಮನೆಗೆ ಬಂದು ಎರಡು ವರ್ಷವಾಯಿತು. ನೀನು ಒಮ್ಮೆಯೂ ಬಂದು ನೋಡಿಲ್ಲ. ಈಗ ಆ ನೆಪದಿಂದಲಾದರೂ ನೋಡುತ್ತೀ.

ದಿಗಂಬರ


ಬೈಲಹೊಂಗಲ
ಶ್ರಾವಣ ವದ್ಯ ಅಷ್ಟಮಿ, ೧೯೦೮
(ಕಾರ್ಡು)

ತೀರ್ಥರೂಪ ಅಪ್ಪನವರ ಪಾದಗಳಿಗೆ ನರ್ಮದೆಯ ನಮಸ್ಕಾರ.

ಇಲ್ಲಿ ಹಿರಿಯರು, ಕಿರಿಯರು ಎಲ್ಲರೂ ಆರೋಗ್ಯವಾಗಿದ್ದೇವೆ. ಅತ್ತೆಯವರು ಪಕ್ಕದಲ್ಲಿ ಕುಳಿತು ಈ ಕಾರ್ಡು ಬರೆಸುತ್ತಿದ್ದಾರೆ. ಕುಬಸಕ್ಕೆ ದಸರೆಯ ಮುಂಚೆ ಒಳ್ಳೆಯ ದಿನವಿದೆಯಂತೆ. ಯಾವ ದಿನ ಬರುತ್ತೀರಿ ಎಂಬುದನ್ನು ತಿಳಿಸಬೇಕೆಂದು ಹೇಳುತ್ತಾರೆ. ನನಗೆ ಊಟ ಸೇರುತ್ತದೆ. ನಿದ್ದೆ ಬರುತ್ತದೆ. ಗೋಡೆಗಾಗಿ ನೀವು ಚಿಂತೆ ಮಾಡಬಾರದು. ಮಳೆ ಬೈಲಹೊಂಗಲದಲ್ಲಿಯೂ ಆಗುತ್ತದೆ, ಗೋಡೆಗಳು ಇಲ್ಲಿಯೂ ಇವೆ.

ಕಾರ್ಡು ತುಂಬಿತು.

ನರ್ಮದಾ


ಸವದತ್ತಿ
ತಾ. ೭ ಸೆಪ್ಟೆಂಬರ್ ೧೯೦೮

ಚಿ. ಸೌ. ನರ್ಮದೆಗೆ ಆಶೀರ್ವಾದ.

ನಿನ್ನ ಕಾರ್ಡಿಗೆ ಉತ್ತರ ತಡವಾಯಿತು. ಕೆಲಸ ಮುಗಿದ ಮೇಲೆಯೇ ಬರೆಯಬೇಕೆಂದಿದ್ದೆ. ಈಗ ನೋಡಿದರೆ ಮುಗಿಯುವ ಕೆಲಸವೇ ಇದಲ್ಲ.

ಲಗಮಪ್ಪ ಚೌತಿಗೆ ಮುಂಚೆ ಬಂದು ಹಳೆಯ ಗಿಲಾವನ್ನೆಲ್ಲ ಕೆರೆದು ಹಾಕಿದ. ಒಳಗಿನ ಮಣ್ಣು ಕಪ್ಪಗೆ, ಹಸಿಯಾಗಿತ್ತು. ಬೇವಿನ ಸೊಪ್ಪು ಸುಟ್ಟು ಬಾಗಿಲು ಮುಚ್ಚಿ ಹೊಗೆ ಕೊಟ್ಟೆವು. ಹೊಸ ಗಿಲಾವು ಮಾಡಿ ಮೇಲೆ ಸುಣ್ಣ ಬಳಿದದ್ದಾಯಿತು. ಗೋಡೆ ಮದುವಣಿಗನ ಹಾಗೆ ಬೆಳ್ಳಗೆ ನಿಂತಿತು. ಗಣಪತಿಯನ್ನು ಕಳಿಸಿ ಬಂದು ನೋಡುತ್ತೇನೆ, ಕೆಳಗಡೆ ಹಸಿರು ಚುಕ್ಕೆಗಳು. ಎರಡು ದಿನಕ್ಕೆ ಅವು ಕೂಡಿಕೊಂಡವು. ಈಗ ಬೂದು ಬಣ್ಣದ ಕೂದಲು ಬಂದಿದೆ. ನೆಲದಿಂದ ಸೊಂಟದವರೆಗೆ ಹೆಚ್ಚು, ಅದರ ಮೇಲೆ ಕಡಿಮೆ.

ಲಗಮಪ್ಪನನ್ನು ಮತ್ತೆ ಕರೆಸಿದೆ. ಅವನು ಗೋಡೆಯನ್ನು ನೋಡಲೇ ಇಲ್ಲ, ಮೇಲೆ ನೋಡಿದ.

"ಮ್ಯಾಳಗಿ ಸೋರತೈತ್ರಿ ಮಾಸ್ತರ್ರ. ಗ್ವಾಡೀದೇನೂ ತಪ್ಪಿಲ್ಲ."

"ಮಾಳಿಗೆ ಸೋರಿದರ ಗೋಡೆ ಮ್ಯಾಲ ಹಸಿ ಆಗಬೇಕಲ್ಲೋ. ಇದು ಕೆಳಗ ಆಗೇದ."

"ನೀರು ಕೆಳಗs ಇಳಿತೈತಲ್ರಿ," ಎಂದ. ಮಾಳಿಗೆಯ ಮೇಲೆ ಹೊಸದಾಗಿ ಬಿಳಿ ಮಣ್ಣು ಹಾಕಿಸಬೇಕು. ಮಳೆ ಬಿಡುವು ಕೊಟ್ಟ ದಿನ ಹಾಕಿಸುತ್ತೇನೆ.

ಕುಬಸದ ದಿನದ ವಿಷಯ ಆಮೇಲೆ ಬರೆಯುತ್ತೇನೆ.

ದಿಗಂಬರ


ಬೈಲಹೊಂಗಲ
ಭಾದ್ರಪದ ವದ್ಯ ಪಂಚಮಿ, ೧೯೦೮

ಅಪ್ಪನವರಿಗೆ ನರ್ಮದೆಯ ನಮಸ್ಕಾರ.

ಇದನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದೇನೆ. ಕಾರ್ಡು ಬರೆದರೆ ಅಂಚೆಯವನಿಂದ ಹಿಡಿದು ನೆರೆಮನೆಯವರ ತನಕ ಎಲ್ಲರೂ ಓದುತ್ತಾರೆ. ನೀವು ಬರೆದದ್ದನ್ನೂ ಓದುತ್ತಾರೆ. ನಿಮ್ಮ ಗೋಡೆಯ ಕಥೆಯನ್ನು ಅತ್ತೆಯವರು ಎರಡು ಸಲ ಓದಿಸಿ ಕೇಳಿದರು. ಆಮೇಲೆ ಸೀರೆಯ ಪದರ ಸರಿಮಾಡಿಕೊಳ್ಳುತ್ತ ಹೇಳಿದರು:

"ಬೂಸರ ಗೋಡಿಗೆ ಹತ್ತೇದೋ, ನಿಮ್ಮಪ್ಪನ ಮನಸಿಗೆ ಹತ್ತೇದೋ, ನೋಡ ಮತ್ತ. ಹೊಸಾಕಿ ಬಂದ ಮ್ಯಾಲೆ ಮಗಳ ಬಾಣಂತನ ಯಾರಿಗೆ ಬೇಕಾಗೇದ?"

ನಾನು ಕಾಗದ ಮಡಚಿಕೊಂಡು ಅಡಿಗೆಮನೆಗೆ ಹೋದೆ.

ಅಪ್ಪಾ, ನನಗೆ ಆ ಕೋಣೆ ಕಣ್ಣಿಗೆ ಕಟ್ಟಿದಂತಿದೆ. ಎಡಕ್ಕೆ ದೀಪದ ಗೂಡು, ಅದರ ಕೆಳಗೆ ಅವ್ವ ಮಲಗುವ ಹೊರಸು. ಮಳೆಗಾಲದಲ್ಲಿ ನಾವೆಲ್ಲ ಬೆಚ್ಚಗಿದೆಯೆಂದು ಅಲ್ಲಿಯೇ ಮಲಗುತ್ತಿದ್ದೆವು. ಗೋಡೆಗೆ ಬೆನ್ನು ಹಚ್ಚಿ ಕೂತು ನಾನು ಪಾಠ ಓದುತ್ತಿದ್ದೆ. ಒಂದು ದಿನವೂ ಸೀರೆಗೆ ಹಸಿ ತಾಗಲಿಲ್ಲ. ಅವ್ವ ಇರುವ ತನಕ ಇಲ್ಲದ ಬೂಷ್ಟು ಈಗ ಹೇಗೆ ಬಂತು? ಎರಡು ವರ್ಷದಿಂದ ಎಂದು ನೀವೇ ಬರೆದಿದ್ದೀರಿ. ಎರಡು ವರ್ಷದಿಂದ ಆ ಮನೆಯಲ್ಲಿ ಹೊಸದಾಗಿರುವುದು ಒಂದೇ.

ಆಕೆಯನ್ನು ಮೌಶಿ ಎಂದು ಕರೆಯಬೇಕೆಂದು ನಿಮ್ಮ ಇಷ್ಟ. ಮುರಗೋಡದಿಂದ ನೀವು ಮದುವೆ ಮಾಡಿಕೊಂಡು ತಂದವಳು ನನಗಿಂತ ಒಂದು ವರ್ಷ ಸಣ್ಣವಳು. ನನ್ನ ನಾಲಿಗೆ ಹೊರಳುವುದಿಲ್ಲ. ಸಿಟ್ಟಾಗಬೇಡಿರಿ. ಪಿತೃಪಕ್ಷದ ನವಮಿಯ ದಿನ ಅವ್ವನ ಹೆಸರಿನಲ್ಲಿ ಮುತ್ತೈದೆಗೆ ಊಟ ಹಾಕಿಸಲು ಮರೆಯಬೇಡಿರಿ.

ನೀವು ಬರುವ ದಿನ ಮಾತ್ರ ಬರೆಯಿರಿ. ಗೋಡೆಯ ಸುದ್ದಿ ಸಾಕು.

ನರ್ಮದಾ


ಸವದತ್ತಿ
ತಾ. ೨೮ ಸೆಪ್ಟೆಂಬರ್ ೧೯೦೮

ಚಿ. ಸೌ. ನರ್ಮದೆಗೆ ಆಶೀರ್ವಾದ.

ಗೋಡೆಯ ಸುದ್ದಿ ಸಾಕೆಂದು ಬರೆದಿದ್ದೀ. ಬೇರೆ ಸುದ್ದಿ ನನ್ನ ಹತ್ತಿರ ಇಲ್ಲ.

ಮಾಳಿಗೆಗೆ ಮಣ್ಣು ಹಾಕಿಸಿದ್ದಾಯಿತು. ಹಾಳೂರ ದಿಬ್ಬದಿಂದ ಅಗೆದು ತಂದ ಬಿಳಿ ಮಣ್ಣು, ನಮ್ಮ ಕಡೆ ಎಲ್ಲರ ಮಾಳಿಗೆಗೂ ಅದೇ. ಅದರ ಮೇಲೆ ಬಿದ್ದ ಒಂದು ಹನಿ ನೀರು ಕೆಳಗೆ ಇಳಿಯುವುದಿಲ್ಲ. ಸ್ವಲ್ಪ ಮಣ್ಣು ಉಳಿಯಿತು. ಮೇಲೆ ನೀರು ತಡೆಯುವ ಮಣ್ಣು ಗೋಡೆಗೆ ಬಳಿದರೆ ಅಲ್ಲಿಯೂ ತಡೆಯಬೇಕಲ್ಲ ಎಂದು ನನಗೆ ಅನಿಸಿತು. ಲಗಮಪ್ಪನೂ "ಭೇಷ್ ವಿಚಾರ್ರಿ" ಎಂದ. ಬಳಿದೆವು. ವಾರದೊಳಗೆ ಗೋಡೆ ಬೆವರಲು ಹತ್ತಿತು. ಮುಟ್ಟಿದರೆ ಕೈಗೆ ನೀರು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪುಪ್ಪು. ಈಗ ಬೂಷ್ಟು ಎದೆಯೆತ್ತರ ಏರಿದೆ, ನಡುವೆ ಒಂದು ಕರಿ ಕಲೆ ಬೇರೆ ಮೂಡಿದೆ. ಮಾಳಿಗೆಯ ಮಣ್ಣು ಮಾಳಿಗೆಗೇ ಸೈ.

ನಾನು ಆಲೋಚನೆ ಮಾಡಿ ಬರೆಯುತ್ತಿದ್ದೇನೆ. ಈ ಸಲ ಬಾಣಂತನ ಬೈಲಹೊಂಗಲದಲ್ಲಿಯೇ ಆಗುವುದು ಒಳ್ಳೆಯದು. ನಿನ್ನ ಅತ್ತೆಯವರು ಅನುಭವಸ್ಥರು, ನಿಮ್ಮ ಮನೆ ಒಣಗಿದ ಮನೆ. ಕುಬಸದ ಸೀರೆ, ಖಣ, ಕೊಬ್ಬರಿ ಬಟ್ಟಲು ಇವನ್ನೆಲ್ಲ ಸಂತೆಗೆ ಬರುವ ಪರಪ್ಪನ ಬಂಡಿಯಲ್ಲಿ ಕಳಿಸಿದ್ದೇನೆ. ಸೀರೆಯನ್ನು ನಿನ್ನ ಮೌಶಿ ಆರಿಸಿದ್ದಾಳೆ. ಅಂಚು ನಿನಗೆ ಹಿಡಿಸಬಹುದು.

ಸಿಟ್ಟಾಗಬೇಡಿರಿ ಎಂದು ನೀನು ಬರೆದಿದ್ದೀ. ಆಗಿಲ್ಲ.

ದಿಗಂಬರ


ಬೈಲಹೊಂಗಲ
ಆಶ್ವೀಜ ಶುದ್ಧ ದ್ವಾದಶಿ, ೧೯೦೮

ಅಪ್ಪನವರಿಗೆ.

ಸೀರೆ ಮುಟ್ಟಿತು. ಕುಬಸವಾಯಿತು. ತವರಿನವರು ಕೂಡುವ ಮಣೆ ಖಾಲಿ ಇತ್ತು. ಅದರ ಮೇಲೆ ನೀವು ಕಳಿಸಿದ ಕೊಬ್ಬರಿ ಬಟ್ಟಲುಗಳನ್ನು ಇಟ್ಟರು. ಬಂದ ಹೆಂಗಸರು ಅಂಚನ್ನು ಮುಟ್ಟಿ ನೋಡಿ "ಛಲೋ ಅದ" ಎಂದರು, ಕಳಿಸಿದವರನ್ನು ಕೇಳಲಿಲ್ಲ. ಕೇಳದಿರುವುದು ಎಷ್ಟು ಕೆಟ್ಟದೆಂದು ನಿಮಗೆ ಗೊತ್ತಾಗುವುದಿಲ್ಲ.

ನನಗೆ ದುಃಖವಾಗಿದೆ ಅಪ್ಪಾ. ಕಾರ್ಡಿನಲ್ಲಿ ಊಟ ಸೇರುತ್ತದೆ, ನಿದ್ದೆ ಬರುತ್ತದೆ ಎಂದು ಬರೆದದ್ದು ಅತ್ತೆಯವರು ಹೇಳಿ ಬರೆಸಿದ್ದು. ಊಟವೂ ಸೇರುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಹೆರಿಗೆಗೆ ನಾನು ಅಂಜುತ್ತೇನೆ. ಅವ್ವ ಇದ್ದಿದ್ದರೆ ಅಂಜುತ್ತಿರಲಿಲ್ಲ. ಅವ್ವ ಇಲ್ಲ, ಅವ್ವನ ಕೋಣೆಯಾದರೂ ಇದೆ ಎಂದುಕೊಂಡಿದ್ದೆ. ಅದನ್ನೂ ನೀವು ಇಲ್ಲವೆಂದಿರಿ.

ಒಂದು ಮಾತು ಕೇಳುತ್ತೇನೆ. ಹಿತ್ತಲಿನಲ್ಲಿ ಅವ್ವ ಕಟ್ಟಿಸಿದ ವೃಂದಾವನಕ್ಕೆ ಯಾರಾದರೂ ನೀರು ಹಾಕುತ್ತಾರೆಯೇ? ಆಕೆ ಅದರ ಕಡೆ ಹಣಿಕಿ ನೋಡುತ್ತಾಳೆಯೇ? ಇಲ್ಲ, ಅವ್ವನ ತುಳಸಿಯೂ ಒಣಗಿ ಹೋಯಿತೇ? ಇಷ್ಟು ತಿಳಿಸಿರಿ. ಮತ್ತೆ ನಾನು ಏನೂ ಕೇಳುವುದಿಲ್ಲ.

ನರ್ಮದಾ


ಸವದತ್ತಿ
ತಾ. ೧೪ ಅಕ್ಟೋಬರ್ ೧೯೦೮

ನರ್ಮದಾ,

ನಿನ್ನ ಪತ್ರ ಓದಿದ ಮೇಲೆ ಸಾಲೆಗೆ ರಜೆ ಹಾಕಿದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಜ್ವರ ಬಂದಾಗಲೂ ನಾನು ಹಾಗೆ ಮಾಡಿದವನಲ್ಲ.

ನಿನಗೆ ತಿಳಿಸಬಾರದೆಂದಿದ್ದ ಎರಡು ಸಂಗತಿಗಳನ್ನು ತಿಳಿಸುತ್ತೇನೆ.

ಕೋಣೆಯನ್ನು ನೋಡಿ ಹೋಗಲೆಂದು ಹೋದ ತಿಂಗಳು ಸೂಲಗಿತ್ತಿ ಶಟ್ಟೆವ್ವನನ್ನು ಕರೆಸಿದ್ದೆ. ನಿನ್ನನ್ನು ಭೂಮಿಗೆ ತಂದವಳು ಅವಳೇ. ಅವಳು ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಇದು ಬೂಸರ ಅಲ್ಲರಿ ಮಾಸ್ತರ್ರ. ಹಿರೇ ಬಾಯಾರು ಗ್ವಾಡ್ಯಾಗ ಬಂದು ಕುಂತಾರ. ನೋಡ್ರಿ, ಹೆಣ್ಮಗಳು ಮಣಕಾಲ ಮಡಚಿ ಕುಂತಂಗ ಕಾಣಂಗಿಲ್ಲೇನು? ತನ್ನ ಮನ್ಯಾಗ ಇನ್ನೊಬ್ಬಾಕಿ ತಿರಗ್ಯಾಡೂದು ಅವರಿಗೆ ಸಮಾಧಾನ ಆಗಿಲ್ಲ. ಇಲ್ಲಿ ಬಾಣಂತೀನ ಮಲಗಸಬ್ಯಾಡ್ರಿ."

ನಾನು ಅವಳನ್ನು ಬೈದು ಕಳಿಸಿದೆ. ಆದರೆ ಅವಳು ಹೇಳಿದ ಮೇಲೆ ನನಗೂ ಆ ಕಲೆ ಹಾಗೆಯೇ ಕಾಣಲು ಹತ್ತಿದೆ. ನಾನು ಭೂಗೋಳ ಕಲಿಸುವವನು, ಗ್ರಹಣ ಹೇಗಾಗುತ್ತದೆಂದು ಹುಡುಗರಿಗೆ ಲಿಂಬೆಹಣ್ಣು ಹಿಡಿದು ತೋರಿಸುವವನು. ಆದರೂ ಕಾಣುತ್ತದೆ. ನಿನ್ನ ತಾಯಿ ಆ ಕೋಣೆಯಲ್ಲಿ, ಆ ಗೋಡೆಯ ಕಡೆ ಮುಖ ಮಾಡಿಕೊಂಡೇ ಜ್ವರದಲ್ಲಿ ಹೋದಳು. ಅಲ್ಲಿ ನಿನ್ನನ್ನು ಮಲಗಿಸಲು ನನಗೆ ಧೈರ್ಯವಿಲ್ಲ. ಇದೇ ಕಾರಣ, ಬೇರೆ ಕಾರಣವಿಲ್ಲ. ನಾನು ಅಂಜಿದ್ದೇನೆಂದು ಮಗಳಿಗೆ ಬರೆಯುವುದಕ್ಕಿಂತ ಗೋಡೆ ಹಸಿ ಇದೆಯೆಂದು ಬರೆಯುವುದು ಸುಲಭವಾಯಿತು.

ಎರಡನೆಯದು. ಶಟ್ಟೆವ್ವ ಹೀಗೆಲ್ಲ ಹೇಳುವಾಗ ನಿನ್ನ ಮೌಶಿ ಬಾಗಿಲ ಹಿಂದೆ ನಿಂತಿದ್ದಳು. ಅಂದಿನಿಂದ ಆಕೆ ನಗುವುದನ್ನು ನಾನು ಕಂಡಿಲ್ಲ. ತುಳಸಿಗೆ ನೀರು ಹಾಕುವವರಿದ್ದಾರೆಯೇ ಎಂದು ನೀನು ಕೇಳಿದೆ. ಈ ಮನೆಗೆ ಬಂದ ಮರುದಿನದಿಂದ ಆಕೆ ಬೆಳಗಿನ ಜಾವ ಎದ್ದು, ಮಡಿಯುಟ್ಟು, ಬಾವಿಯಿಂದ ತುಂಬಿದ ಕೊಡ ತಂದು ನಿನ್ನ ತಾಯಿಯ ವೃಂದಾವನಕ್ಕೆ ಹಾಕುತ್ತಾಳೆ. ಒಂದು ದಿನ ತಪ್ಪಿಸಿದ್ದಿಲ್ಲ. "ಅಕ್ಕಗ ಕಡಿಮಿ ಆಗಬಾರದು" ಎನ್ನುತ್ತಾಳೆ. ಶಟ್ಟೆವ್ವ ಬಂದು ಹೋದ ಮೇಲೆ ಸಂಜೆಗೂ ಒಂದು ಕೊಡ. ಈಚೆಗೆ ಎಲೆಗಳು ಹಳದಿಯಾಗಿ ಉದುರುತ್ತಿವೆ. ಅಕ್ಕನ ಸಿಟ್ಟು ಇಳಿದಿಲ್ಲವೆಂದು ಇನ್ನೂ ಒಂದು ಕೊಡ ಹೆಚ್ಚು ಹಾಕುತ್ತಾಳೆ. ಕಾರ್ತಿಕದ ದ್ವಾದಶಿಗೆ ತುಳಸಿ ಲಗ್ನ. ಓಣಿಯ ಹೆಂಗಸರೆಲ್ಲ ಬರುತ್ತಾರೆ, ಅಷ್ಟರೊಳಗೆ ಗಿಡ ಚಿಗುರಬೇಕೆಂದು ಆಕೆಯ ಜೀವ ಅಲ್ಲಿಯೇ ಇದೆ.

ನಿನ್ನ ಪತ್ರದ ಆ ಸಾಲುಗಳನ್ನು ನಾನು ಆಕೆಗೆ ಓದಿ ಹೇಳಲಿಲ್ಲ. ಆಕೆಗೆ ಓದು ಬರುವುದಿಲ್ಲವೆಂಬುದು ಅಂದು ಒಳ್ಳೆಯದಾಯಿತು.

ದಿಗಂಬರ


ಬೈಲಹೊಂಗಲ
ಆಶ್ವೀಜ ವದ್ಯ ಅಷ್ಟಮಿ, ೧೯೦೮

ಅಪ್ಪನವರಿಗೆ ನರ್ಮದೆಯ ನಮಸ್ಕಾರ.

ಪತ್ರವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ಅಳು ಬಂತು. ಎರಡನೆಯ ಸಲ ನಾಚಿಕೆಯಾಯಿತು. ಮೂರನೆಯ ಸಲ ಎದ್ದು ಕುಳಿತೆ.

ನೀವು ಈಗಲೇ ಹಿತ್ತಲಿಗೆ ಹೋಗಿ ವೃಂದಾವನದ ಬೆನ್ನಿಗೆ ಕೈ ಇಟ್ಟು ನೋಡಿರಿ. ಅವ್ವ ಅದನ್ನು ಒಳಕೋಣೆಯ ಗೋಡೆಗೆ ಹತ್ತಿಸಿಯೇ ಕಟ್ಟಿಸಿದ್ದಳು. ಒಳಗೆ ಬಾಣಂತಿ ಮಲಗಿದಾಗ ಗೋಡೆಯ ಆಚೆ ತುಳಸಿ ಇರಲೆಂದು ಅವಳ ಆಸೆ. ಆ ಮೂಲೆಯಲ್ಲಿ ನೀರು ಹರಿದು ಹೋಗಲು ದಾರಿ ಇಲ್ಲ. ಬೇಕಾಗಿಯೂ ಇರಲಿಲ್ಲ, ಏಕೆಂದರೆ ಅವ್ವ ಹಾಕುತ್ತಿದ್ದುದು ಒಂದು ತಂಬಿಗೆ. ಸಣ್ಣವಳಿದ್ದಾಗ ನಾನು ಒಮ್ಮೆ ಕೊಡವನ್ನೇ ಬಗ್ಗಿಸಲು ಹೋಗಿದ್ದೆ. "ಏನs, ತುಳಸವ್ವಗ ಈಜ ಕಲಸ್ತೀಯೇನ?" ಎಂದು ಕೈ ಹಿಡಿದು ನಿಲ್ಲಿಸಿದ್ದಳು.

ಗೋಡೆಗೆ ಎರಡು ವರ್ಷದಿಂದ ಬೂಷ್ಟು. ತುಳಸಿಗೆ ಎರಡು ವರ್ಷದಿಂದ ಕೊಡ. ಕೊಡ ಎರಡಾದ ಮೇಲೆ ಬೂಷ್ಟು ಎದೆಯೆತ್ತರ. ಭಾಗಾಕಾರ ಕಲಿಸುವವರು ನೀವು.

ಅವ್ವ ಗೋಡೆಯಲ್ಲಿ ಬಂದು ಕುಳಿತಿಲ್ಲ. ಅವಳಿಗೆ ಕುಳಿತುಕೊಳ್ಳಲು ಪುರುಸೊತ್ತು ಯಾವಾಗಿತ್ತು?

ಈ ಮಾತನ್ನು ಆಕೆಗೆ ಹೇಳಬೇಡಿರಿ. ಭಕ್ತಿಯಿಂದ ಮಾಡಿದ್ದೇ ಮನೆ ಕೆಡಿಸಿತೆಂದು ತಿಳಿದರೆ ತಾಳಲಾರಳು. ಇದರ ಜೊತೆಗಿರುವ ಇನ್ನೊಂದು ಹಾಳೆಯನ್ನು ಮಾತ್ರ ಓದಿ ಹೇಳಿರಿ. ಸಾಕು.

ನರ್ಮದಾ

(ಇನ್ನೊಂದು ಹಾಳೆ)

ಮೌಶಿಗೆ ನರ್ಮದೆಯ ನಮಸ್ಕಾರ.

ಸೀರೆಯ ಅಂಚು ನನಗೆ ಬಹಳ ಹಿಡಿಸಿತು. ನಾನು ಇಷ್ಟು ದಿನ ಹೇಳಲಿಲ್ಲ.

ನಮ್ಮ ಅವ್ವನ ಪದ್ಧತಿ ಒಂದಿದೆ. ಅದನ್ನು ನಿಮಗೆ ಹೇಳಿಕೊಡುವವರು ಅಲ್ಲಿ ಯಾರೂ ಇರಲಿಲ್ಲ, ನಾನು ಹೇಳಬೇಕಾಗಿತ್ತು. ಅವ್ವ ತುಳಸಿಗೆ ದಿನಕ್ಕೆ ಒಂದೇ ತಂಬಿಗೆ ನೀರು ಹಾಕುತ್ತಿದ್ದಳು. ಹೆಚ್ಚು ಹಾಕಿದರೆ ಬೈಯುತ್ತಿದ್ದಳು. ಇವತ್ತಿನಿಂದ ನೀವೂ ಒಂದೇ ತಂಬಿಗೆ ಹಾಕಿರಿ. ಯಾರಾದರೂ ಕಡಿಮೆಯಾಯಿತೆಂದರೆ, ಅವಳ ಮಗಳು ಹೇಳಿದ್ದಾಳೆ ಎನ್ನಿರಿ. ಅವ್ವನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದದ್ದು ನನಗೆ. ಈಗ ಇಲ್ಲ.


ಸವದತ್ತಿ
ತಾ. ೨೮ ಅಕ್ಟೋಬರ್ ೧೯೦೮

ಚಿ. ಸೌ. ನರ್ಮದೆಗೆ ಆಶೀರ್ವಾದ.

ಇದನ್ನು ಲಗಮಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ತಡವಾಗುತ್ತದೆ.

ನೀನು ಬರೆದದ್ದು ಸರಿ. ವೃಂದಾವನದ ಬೆನ್ನಿಗೆ ಬೆರಳು ಚುಚ್ಚಿದೆ, ನಾದಿದ ಕಣಕದಲ್ಲಿ ಇಳಿದ ಹಾಗೆ ಇಳಿಯಿತು. ಬುಡದಲ್ಲಿ ಮೊಳದುದ್ದ ಅಗೆಸಿದೆ, ತಗ್ಗಿನಲ್ಲಿ ನೀರು ನಿಂತಿತು. ಲಗಮಪ್ಪ ತಲೆ ಕೆರೆದುಕೊಂಡು "ನೀರು ಕೆಳಗಿಂದ ಮ್ಯಾಲೂ ಏರತೈತೇನ್ರಿ?" ಎಂದು ನನ್ನನ್ನೇ ಕೇಳಿದ. ದೀಪದ ಬತ್ತಿಗೆ ಎಣ್ಣೆ ಏರುವುದಿಲ್ಲವೇ ಎಂದೆ. ಎರಡು ವರ್ಷ ನನಗೇ ಹೊಳೆಯದ ಮಾತನ್ನು ಅವನ ಮುಂದೆ ಬಲು ಜಂಬದಿಂದ ಹೇಳಿದೆ. ನೀರು ಹೋಗಲು ಹಿತ್ತಲ ಕಡೆಗೆ ಕಲ್ಲಿನ ಕಾಲುವೆ ಮಾಡಿಸಿದ್ದಾಯಿತು. ಬಿಳಿ ಮಣ್ಣನ್ನು ಕೆರೆಸಿ ತೆಗೆದು ಗೋಡೆಯನ್ನು ಬರಿದಾಗಿ ಬಿಟ್ಟಿದ್ದೇನೆ. ಯುಗಾದಿಯ ತನಕ ಒಣಗಬೇಕು.

ಇನ್ನು ಕೆಟ್ಟ ಸುದ್ದಿ. ಒಂದೇ ಹಾಳೆ ಓದಿ ಹೇಳಬೇಕೆಂದು ನೀನು ಬರೆದಿದ್ದೆ. ನಾನು ಎರಡನ್ನೂ ಓದಿ ಹೇಳಿದೆ. ಕಾರಣ ಹೇಳದೆ ಪದ್ಧತಿ ಬದಲಿಸು ಎನ್ನುವುದು ನನ್ನ ಸ್ವಭಾವವಲ್ಲ. ಹುಡುಗರಿಗೂ ನಾನು ಹಾಗೆ ಕಲಿಸಿದ್ದಿಲ್ಲ. ಆಕೆ ಕೇಳಿಸಿಕೊಂಡು ಒಳಗೆ ಹೋದಳು. ಅದರ ಮರುವಾರ ತುಳಸಿ ಸತ್ತಿತು. ಕಿತ್ತು ನೋಡಿದರೆ ಬೇರುಗಳೆಲ್ಲ ಕೊಳೆತು ಕಪ್ಪಾಗಿದ್ದವು. ದೀಪಾವಳಿಯ ಅಭ್ಯಂಜನದ ದಿನ ಆ ಸತ್ತ ಗಿಡದ ಕೋಲನ್ನು ಕೈಯಲ್ಲಿ ಹಿಡಿದುಕೊಂಡು ವೃಂದಾವನದ ಮುಂದೆ ಕುಳಿತಿದ್ದಳು.

"ಅಕ್ಕನ್ನ ಸಮಾಧಾನ ಮಾಡಬೇಕಂತ ಹೋಗಿ ಅಕ್ಕನ ತುಳಸೀನ ನಾನs ಕೊಂದೆ. ಮಗಳ ಕೋಣೀನೂ ನಾನs ಕೆಡಿಸಿದೆ. ನರ್ಮದಾ ಬರೂದರೊಳಗ ನನ್ನ ಮುರಗೋಡಕ್ಕ ಕಳಸಿಬಿಡ್ರಿ. ಆಕಿಗೆ ನಾ ಹ್ಯಾಂಗ ಮಾರಿ ತೋರಸಲಿ?"

ಅಂದಿನಿಂದ ಸರಿಯಾಗಿ ಉಂಡಿಲ್ಲ. ಹೋಳಿಗೆಯನ್ನು ಮಾಡಿದಳು, ನನಗೆ ಬಡಿಸಿದಳು, ತಾನು ಮುಟ್ಟಲಿಲ್ಲ. ಕೌದಿ ಪೂರ್ತಿಯಾಗಿದೆ. ಅದನ್ನು ಮಡಚಿ ನಿನ್ನ ಹೆಸರಿಗೆ ಇಟ್ಟಿದ್ದಾಳೆ, ತನ್ನ ಗಂಟು ಕಟ್ಟಿದ್ದಾಳೆ.

ನರ್ಮದಾ, ಆಕೆ ಹೋಗುವುದು ನನಗೆ ಬೇಡ. ಇದನ್ನು ಆಕೆಗೆ ಹೇಳಲು ಬಾಯಿ ಬಾರದು, ನಿನಗೆ ಬರೆಯುತ್ತಿದ್ದೇನೆ.

ದಿಗಂಬರ


ಬೈಲಹೊಂಗಲ
ಕಾರ್ತಿಕ ಶುದ್ಧ ಷಷ್ಠಿ, ೧೯೦೮

ಅಪ್ಪನವರಿಗೆ ನರ್ಮದೆಯ ನಮಸ್ಕಾರ.

ಲಗಮಪ್ಪ ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದಾನೆ. ಅವನು ಕೈ ತೊಳೆಯುವುದರೊಳಗೆ ಇದನ್ನು ಮುಗಿಸಬೇಕು. "ಸಣ್ಣ ಬಾಯಾರು ಭಾಳ ಸೊರಗ್ಯಾರ್ರಿ ಅವ್ವಾರ" ಎಂದು ಅವನು ಹೇಳಿದ. ನೀವು ಬರೆದದ್ದಕ್ಕಿಂತ ಅವನ ಒಂದು ಮಾತು ಹೆಚ್ಚು ಹೇಳಿತು.

ನನ್ನನ್ನು ಅತ್ತೆಯ ಮನೆಗೆ ಕಳಿಸುವಾಗ ಅವ್ವ ತನ್ನ ತುಳಸಿಯ ಮಂಜರಿಯನ್ನು ಕಿತ್ತು ನನ್ನ ಸೆರಗಿನ ತುದಿಗೆ ಕಟ್ಟಿದ್ದಳು, ನಿಮಗೆ ನೆನಪಿರಲಿಕ್ಕಿಲ್ಲ. ಅದನ್ನು ಇಲ್ಲಿ ಬಿತ್ತಿದೆ. ಈಗ ಇಲ್ಲಿಯ ವೃಂದಾವನದಲ್ಲಿರುವುದು ಅದೇ. ಅದರ ಬುಡದಲ್ಲಿ ಸಸಿಗಳು ಎದ್ದಿವೆ. ಒಂದನ್ನು ಮಣ್ಣು ಸಮೇತ ಒಡಕು ಗಡಿಗೆಯಲ್ಲಿ ಇಟ್ಟಿದ್ದೇನೆ. ಅದು ಅವ್ವನ ತುಳಸಿಯೇ. ಆಕೆ ಯಾರನ್ನೂ ಕೊಂದಿಲ್ಲ.

ನೀವು ಕರೆಯಲು ಬರುವುದು ಬೇಡ. ನಮ್ಮ ಮನೆಯವರು ಬಂಡಿ ಕಟ್ಟುತ್ತಾರೆ. ಅತ್ತೆಯವರನ್ನು ನಾನೇ ಕೇಳಿದೆ. ಇಷ್ಟು ದಿನ ಕಾರ್ಡು ಬರೆಸಿದವರು ಅವರು, ಈ ಸಲ ನಾನು ಎಲ್ಲವನ್ನೂ ಬಾಯಿಂದ ಹೇಳಿದೆ. ಅವರು "ಎರಡ ವರ್ಷ ದಿನಾಲೂ ಕೊಡಾ ಹೊತ್ತಳೇನ, ಸವತಿ ತುಳಸಿಗೆ? ನನ್ನ ಕೈಲೆ ಆಗತಿದ್ದಿಲ್ಲವಾ" ಎಂದರು. ಹಾದಿಗೆ ಬುತ್ತಿಯನ್ನು ತಾವೇ ಕಟ್ಟುತ್ತೇನೆಂದಿದ್ದಾರೆ.

ದಶಮಿಯ ದಿನ ಹೊರಡುತ್ತೇವೆ. ಆ ರಾತ್ರಿ ಮುರಗೋಡದಲ್ಲಿ ವಸ್ತಿ, ಏಕಾದಶಿಗೆ ಮನೆಗೆ. ದ್ವಾದಶಿಯ ಲಗ್ನಕ್ಕೆ ಸಸಿ ಸಾಕು, ಎಷ್ಟು ಸಣ್ಣದಿದ್ದರೂ ಮದುಮಗಳೇ.

ಮೌಶಿ ಅಷ್ಟರೊಳಗೆ ಮುರಗೋಡಕ್ಕೆ ಹೋಗಿದ್ದರೆ ನಾನು ಅವರ ಅಪ್ಪನ ಮನೆ ಕೇಳಿಕೊಂಡು ಹೋಗುತ್ತೇನೆ, ಬಂಡಿಯಲ್ಲಿ ನನ್ನ ಪಕ್ಕದಲ್ಲಿ ಕೂಡಿಸಿಕೊಂಡು ಬರುತ್ತೇನೆ. ಏಳು ತಿಂಗಳ ಬಸುರಿ ಬಾಗಿಲಲ್ಲಿ ನಿಂತು ಕರೆದರೆ ಯಾರೂ ಇಲ್ಲವೆನ್ನುವುದಿಲ್ಲ. ಆಕೆ ಇಲ್ಲದೆ ನನಗೆ ತವರಿನಲ್ಲಿ ಬಾಣಂತನ ಮಾಡುವವರು ಯಾರು? ನೀವೇ?

ಒಳಕೋಣೆ ಯುಗಾದಿಯ ತನಕ ಒಣಗಲಿ. ನನಗೆ ಪಡಸಾಲೆಯ ಮೂಲೆಗೆ ಒಂದು ಪರದೆ ಕಟ್ಟಿದರೆ ಸಾಕು. ಅಂಜುವುದನ್ನು ನೀವೂ ನಾನೂ ಅಲ್ಲಿ ಕೂಡಿಯೇ ಅಂಜೋಣ.

ಸಸಿಯನ್ನು ನೆಡುವ ದಿನ ನೀರು ನಾನು ಹಾಕುತ್ತೇನೆ. ಮರುದಿನದಿಂದ ಮೌಶಿ. ಎಷ್ಟು ಎಂದು ಅವರಿಗೆ ಗೊತ್ತಿದೆ.

ಈ ಪತ್ರದಲ್ಲಿ ಮುಚ್ಚಿಡುವಂಥದು ಏನೂ ಇಲ್ಲ. ಪೂರ್ತಿ ಓದಿ ಹೇಳಿರಿ.

ನರ್ಮದಾ


ಸವದತ್ತಿ
ತಾ. ೧ ನವೆಂಬರ್ ೧೯೦೮
(ಕಾರ್ಡು, ಪರಪ್ಪನ ಕೈಯಲ್ಲಿ)

ಚಿ. ಸೌ. ನರ್ಮದೆಗೆ ಆಶೀರ್ವಾದ.

ನೀನು ಹೊರಡುವ ಮೊದಲೇ ಇದು ಮುಟ್ಟಲೆಂದು ಪರಪ್ಪನನ್ನು ಓಡಿಸುತ್ತಿದ್ದೇನೆ. ಮುರಗೋಡದಲ್ಲಿ ಯಾರ ಮನೆಯನ್ನೂ ಕೇಳಿಕೊಂಡು ಹೋಗಬೇಡ. ಬಂಡಿಯಲ್ಲಿ ಪಕ್ಕದ ಜಾಗವನ್ನು ಸಸಿಗೆ ಇಡು.

ನಿನ್ನ ಪತ್ರವನ್ನು ಪೂರ್ತಿ ಓದಿ ಹೇಳಿದೆ. 'ನೀವೇ?' ಎಂದು ನೀನು ಕೇಳಿದಲ್ಲಿ ನಿನ್ನ ಮೌಶಿ ನಕ್ಕಳು. ಆಮೇಲೆ ಅತ್ತಳು. ಆಮೇಲೆ ಎರಡು ರೊಟ್ಟಿ ತಿಂದಳು. ಗಂಟು ಬಿಚ್ಚಿದ್ದಾಳೆ, ಕೌದಿಯನ್ನು ಪಡಸಾಲೆಗೆ ತಂದು ಹಾಸಿ ನೋಡಿದ್ದಾಳೆ. ಮುಂಜಾನೆಯಿಂದ ಪಡಸಾಲೆಯನ್ನು ಸಾರಿಸುತ್ತಿದ್ದಾಳೆ. ಕೊಡದ ಮೇಲೆ ಕೊಡ ತರುತ್ತಿದ್ದಾಳೆ.

ನೆಲ ಸಾರಿಸಲು ಎಷ್ಟು ನೀರು ಬೇಕೆಂದು ಈ ಸಲ ನಾನು ಹೇಳಲು ಹೋಗಲಿಲ್ಲ.

ದಿಗಂಬರ